ಶಾನುಭೋಗರು, ತೋಟಿ ಮತ್ತು 1963ರ ಒಂದು ಶುಕ್ರವಾರ

1963ರ ಫೆಬ್ರವರಿ 1, ಶುಕ್ರವಾರ. ಅವತ್ತಿನಿಂದ ಮೈಸೂರು ರಾಜ್ಯದ ಯಾವ ಹಳ್ಳಿಯಲ್ಲೂ ಅಪ್ಪ ಶಾನುಭೋಗನಾಗಿದ್ದ ಎಂಬ ಒಂದೇ ಕಾರಣಕ್ಕೆ ಮಗ ಶಾನುಭೋಗನಾಗುವಂತಿರಲಿಲ್ಲ. ಪಟೇಲಿಕೆ ಹೋಯಿತು, ತಳವಾರಿಕೆ ಹೋಯಿತು, ತೋಟಿ, ನೀರಗಂಟಿ ಹುದ್ದೆಗಳೂ ಹೋದವು. 1961ರ 14ನೇ ಕಾಯ್ದೆಯಾಗಿ ಪಾಸಾಗಿದ್ದ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಜಾರಿಗೆ ಬಂದ ದಿನ ಅದು. ಯಾವ ಯಾವ ಹುದ್ದೆ ರದ್ದಾಯಿತು ಎಂದು ಕಾಯ್ದೆ ಪಟ್ಟಿ ಕೊಡುವುದಿಲ್ಲ. ಊರಿನ ಕಂದಾಯ, ಕಾವಲು, ಗಡಿ, ಆಡಳಿತ ಇವುಗಳಿಗೆ ಸೇರಿದ, ವಂಶಪಾರಂಪರ್ಯವಾಗಿ ಬಂದ, ಇನಾಮೋ ಸಂಭಾವನೆಯೋ ಅಂಟಿಕೊಂಡ ಹುದ್ದೆ ಯಾವುದೇ ಇರಲಿ, ಅದನ್ನು ಆ ಸೀಮೆಯಲ್ಲಿ ಯಾವ ಹೆಸರಿನಿಂದಲೇ ಕರೆಯುತ್ತಿರಲಿ, ಇನ್ನಿಲ್ಲ ಎಂದಷ್ಟೇ ಹೇಳುತ್ತದೆ. ಬರೆದವರು ಜಾಣರು. ಹೆಸರು ಪಟ್ಟಿ ಮಾಡಲು ಕೂತಿದ್ದರೆ ಬೀದರಿನಿಂದ ಕೊಳ್ಳೇಗಾಲದವರೆಗೆ ಮುಗಿಯುತ್ತಿರಲಿಲ್ಲ.

ಕೋಲಾರ ಚಿನ್ನದ ಗಣಿಯ ಆಂಡರ್ಸನ್‌ಪೇಟೆಗೆ ಮೇಲ್ನೋಟಕ್ಕೆ ಇದು ದೂರದ ಸುದ್ದಿ. ಅಲ್ಲಿ ಕಣವಿಲ್ಲ, ಕೆರೆಯ ತೂಬಿಲ್ಲ, ಜಮಾಬಂದಿಯಿಲ್ಲ. ಅಲ್ಲಿನ ಮನೆಗಳಿಗೆ ಅನ್ನ ಹಾಕುತ್ತಿದ್ದುದು ಗಣಿ. ಆ ಗಣಿಯೂ 1956ರಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಿಂದ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಕೈ ಬದಲಾಗಿತ್ತು. ಆದರೆ ಗಣಿಯ ಲೈನುಗಳಲ್ಲಿದ್ದವರ ಅಜ್ಜ ಮುತ್ತಜ್ಜಂದಿರು ಬಂದದ್ದು ಎಲ್ಲಿಂದ? ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಹಳ್ಳಿಗಳಿಂದ. ಅಲ್ಲೆಲ್ಲ ಇದೇ ವ್ಯವಸ್ಥೆ ಬೇರೆ ಹೆಸರಿನಲ್ಲಿತ್ತು: ಕರಣಂ, ಮುನಸಬು, ತಲಯಾರಿ, ವೆಟ್ಟಿಯಾನ್. ಅವರಲ್ಲಿ ಬಹಳ ಮಂದಿ ಬಿಟ್ಟು ಬಂದದ್ದು ಈ ಏಣಿಯ ಕಟ್ಟಕಡೆಯ ಮೆಟ್ಟಿಲನ್ನು. ಆದ್ದರಿಂದ ಆ ಶುಕ್ರವಾರದ ಕಥೆಯನ್ನು ಈ ಪೇಟೆಯನ್ನು ಬಿಟ್ಟು ಹೇಳಿದರೆ ಅರ್ಧವೇ ಹೇಳಿದಂತೆ.

ಶಾನುಭೋಗ ಬಹಳ ಹಳೆಯ ಮಾತು. ಚಾಲುಕ್ಯ, ಹೊಯ್ಸಳ ಕಾಲದ ಶಾಸನಗಳ ಕೊನೆಯಲ್ಲಿ, ಇದನ್ನು ಬರೆದವನು ಇಂಥವನು ಎಂದು ಹೇಳುವ ಜಾಗದಲ್ಲಿ, ‘ಸೇನಬೋವ’ ಎಂಬ ಹುದ್ದೆಯ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಸೇನೆಗೂ ಈ ಮಾತಿಗೂ ನಂಟಿದೆಯೇ, ‘ಬೋವ’ ಎಲ್ಲಿಂದ ಬಂತು ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಕೆಲಸದ ಬಗ್ಗೆ ಮಾತ್ರ ತಕರಾರಿಲ್ಲ: ಊರಿನಲ್ಲಿ ಬರೆಯಬಲ್ಲವನು ಅವನು, ಲೆಕ್ಕ ಅವನದು. ಕರಾವಳಿಯ ಕೊಂಕಣಿಗರಲ್ಲಿ ಇದು ಶಾನಭಾಗ ಎಂಬ ಅಡ್ಡಹೆಸರಾಯಿತು. ಉತ್ತರದಲ್ಲಿ ಇದೇ ಕೆಲಸ ಮಾಡಿದವನು ಕುಲಕರ್ಣಿ, ತೆಲುಗು ಸೀಮೆಯಲ್ಲಿ ಕರಣಂ.

ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಇಂದು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಆಗ ಅದೊಂದು ವಸ್ತು. ಮೊಳಗಟ್ಟಲೆ ಉದ್ದದ ಹತ್ತಿಬಟ್ಟೆಗೆ ಅಂಟು, ಇದ್ದಿಲ ಪುಡಿ ಮೆತ್ತಿ ಒಣಗಿಸಿ ಕಪ್ಪಗೆ ಮಾಡುತ್ತಿದ್ದರು. ಆಮೇಲೆ ಅದನ್ನು ಒಂದರ ಮೇಲೊಂದು ಮಡಿಸಿ ಹಲಗೆಯ ರಟ್ಟು ಹಾಕಿ, ಬಳಪದಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಒರೆಸಬಹುದು, ಅಂಟು ಬಳಿದು ಹೊಸದು ಮಾಡಬಹುದು. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಇದನ್ನು ಬೆರಗಿನಿಂದ ವರ್ಣಿಸಿದ್ದಾನೆ. ಒರೆಸಿ ಬರೆಯಬಹುದಾದ ಲೆಕ್ಕ ಯಾರ ಕೈಯಲ್ಲಿದೆಯೋ ಊರೂ ಅವರ ಕೈಯಲ್ಲೇ ಎಂಬುದನ್ನು ರೈತರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯನ್ನು ಶಾಲೆಯಲ್ಲಿ ಓದಿದವರಿಗೆ ಹುಲಿಯ ಎದುರು ಸಿಕ್ಕಿಬಿದ್ದ ಶಾನುಭೋಗರೂ ಅವರ ಖಿರ್ದಿ ಪುಸ್ತಕವೂ ನೆನಪಿರಬೇಕು. ಆ ಪ್ರಬಂಧ ಓದಿ ನಕ್ಕಿದ್ದೇವೆ. ಖಿರ್ದಿಗೆ ಹುಲಿಗಿಂತ ಹೆಚ್ಚು ಹೆದರಿದವರು ಹಳ್ಳಿಯಲ್ಲಿದ್ದರು.

ಶಾನುಭೋಗ ಒಬ್ಬನೇ ಇದ್ದವನಲ್ಲ. ಬಾರಾಬಲೂತಿ ಎಂದು ಉತ್ತರದಲ್ಲಿ, ಆಯಗಾರರು ಎಂದು ಇತ್ತ ಕಡೆ ಹೇಳುವ ಹನ್ನೆರಡು ಮಂದಿಯ ಕೂಟದಲ್ಲಿ ಅವನೊಬ್ಬ. ಗೌಡ, ಶಾನುಭೋಗ ಮೇಲೆ. ನಡುವೆ ಜೋಯಿಸ, ಕಮ್ಮಾರ, ಬಡಗಿ, ಅಕ್ಕಸಾಲಿ, ಕುಂಬಾರ, ಅಗಸ, ನಾಯಿಂದ. ಕೆಳಗೆ ತಳವಾರ, ನೀರಗಂಟಿ, ತೋಟಿ. ಸುಗ್ಗಿಯಲ್ಲಿ ಕಣದಲ್ಲೇ ಇವರ ಆಯ ಅಳೆದು ಕೊಡಬೇಕು. ಕೆಲವರಿಗೆ ಇನಾಂ ಜಮೀನು, ಮುಂದೆ ಬ್ರಿಟಿಷರ ಕಾಲಕ್ಕೆ ಪಟೇಲ, ಶಾನುಭೋಗರಿಗೆ ಪೋಟಗಿ ಎಂಬ ನಗದು ಸಂಭಾವನೆ. ಈ ಕೂಟದ ಬಗ್ಗೆ ವಿದ್ವಾಂಸರು ಇನ್ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಚಾರ್ಲ್ಸ್ ಮೆಟ್ಕಾಫ್ 1830ರಲ್ಲಿ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಕರೆದು ಒಂದು ಮೋಹದ ಚಿತ್ರ ಬರೆದ. ಬರ್ಟನ್ ಸ್ಟೈನ್ ಅವರ ಪ್ರಕಾರ ಆಯಗಾರ ಪದ್ಧತಿ ಅಷ್ಟು ಅನಾದಿಯಲ್ಲ. ಅದು ದಕ್ಷಿಣದ ಉದ್ದಗಲಕ್ಕೆ ಹರಡಿದ್ದು ವಿಜಯನಗರದ ಕಾಲದಲ್ಲಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಮೋಹವನ್ನೇ ಕಟುವಾಗಿ ತಳ್ಳಿಹಾಕಿದರು. ನನಗೆ ಇವರಲ್ಲಿ ಅಂಬೇಡ್ಕರ್ ಹೆಚ್ಚು ನಿಜ ಕಂಡವರು ಎನಿಸುತ್ತದೆ, ಯಾಕೆಂದರೆ ಅವರು ಹಳ್ಳಿಯನ್ನು ಕೆಳಗಿನ ತುದಿಯಿಂದ ನೋಡಿದವರು. 1928ರಲ್ಲೇ ಬೊಂಬಾಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದವರು. ತುಂಡು ಇನಾಂ ನೆಲ ಕೊಟ್ಟು ಹಗಲಿರುಳು ಚಾಕರಿ ಮಾಡಿಸಿಕೊಳ್ಳುವ ಹಗ್ಗ ಅದು ಎಂಬುದು ಅವರ ವಾದ.

ನಮ್ಮ ಕಡೆಯ ತೋಟಿಗೂ ಈ ಮಾತು ಸಲ್ಲುತ್ತದೆ. ಹೆಚ್ಚಾಗಿ ಹೊಲೆಯ ಅಥವಾ ಮಾದಿಗ ಜಾತಿಗೆ ಸೇರಿದ ಅವನು ಡಂಗುರ ಸಾರಬೇಕು, ಅಮಲ್ದಾರರು ಬಂದರೆ ಗಂಟುಮೂಟೆ ಹೊರಬೇಕು, ವಸೂಲಾದ ಕಂದಾಯದ ಇರಸಾಲು ತಾಲ್ಲೂಕು ಖಜಾನೆಗೆ ಹೋಗುವಾಗ ಜೊತೆಗೆ ನಡೆಯಬೇಕು, ಬೆಳೆ ಕಾಯಬೇಕು, ಸತ್ತ ದನ ಎಳೆಯಬೇಕು. ಆದರೆ ಇದೇ ಕೇರಿಯ ಮನುಷ್ಯನಿಗೆ ಊರು ಒಂದು ವಿಚಿತ್ರ ಅಧಿಕಾರವನ್ನೂ ಕೊಟ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಮೆಕೆಂಜಿ ಎಂಬ ಅಧಿಕಾರಿ ಹೊಲೆಯರ ಕುಳವಾಡಿಯ ಬಗ್ಗೆ ಇದನ್ನು ದಾಖಲಿಸಿದ್ದಾನೆ. ಎರಡು ಊರಿನ ನಡುವೆ ಗಡಿ ವ್ಯಾಜ್ಯ ಬಂದರೆ ಕುಳವಾಡಿಯೇ ತೀರ್ಮಾನ ಹೇಳಬೇಕು. ಊರ ಮಣ್ಣಿನ ಉಂಡೆ ಮಾಡಿ, ನಡುವೆ ನೀರು ಹಾಕಿ, ಅವನ ತಲೆಯ ಮೇಲಿಡುತ್ತಿದ್ದರು. ಅವನು ನಡೆದದ್ದೇ ಗಡಿ. ದಾರಿ ತಪ್ಪಿದರೆ ಉಂಡೆ ಒಡೆದುಹೋಗುತ್ತದೆ, ನಡೆದವನೂ ಹದಿನೈದು ದಿನದಲ್ಲಿ ಸಾಯುತ್ತಾನೆ ಎಂಬ ನಂಬಿಕೆ. ಊರೊಳಗೆ ಕಾಲಿಡಲು ಅಪ್ಪಣೆ ಬೇಕಾದವನು ಊರಿನ ಎಲ್ಲೆ ಎಲ್ಲಿ ಎಂದು ಹೇಳುವ ಏಕೈಕ ಸಾಕ್ಷಿ. ಇದನ್ನು ಗೌರವ ಎನ್ನಬೇಕೋ, ಜೀವ ಒತ್ತೆಯಿಟ್ಟ ಚಾಕರಿ ಎನ್ನಬೇಕೋ. ಎರಡನೆಯದೇ ಸರಿ ಎಂದು ನನ್ನ ಎಣಿಕೆ.

ಬ್ರಿಟಿಷರು ಈ ವ್ಯವಸ್ಥೆಯನ್ನು ಮುರಿಯಲಿಲ್ಲ, ಬರೆದಿಟ್ಟರು. ಬೊಂಬಾಯಿ ಪ್ರಾಂತ್ಯದಲ್ಲಿ 1874ರ ವತನ್ ಕಾಯ್ದೆ, ಮದ್ರಾಸಿನಲ್ಲಿ 1895ರ ಗ್ರಾಮ ಹುದ್ದೆಗಳ ಕಾಯ್ದೆ, ಮೈಸೂರು ಸಂಸ್ಥಾನದಲ್ಲಿ 1908ರದು. ಇದುವರೆಗೆ ರೂಢಿಯಾಗಿದ್ದದ್ದು ಈಗ ರಿಜಿಸ್ಟರಿನ ಹಕ್ಕಾಯಿತು. ಯಾರ ಮಗ ಯಾವ ಹುದ್ದೆಗೆ ವಾರಸುದಾರ ಎಂಬುದು ಅಮಲ್ದಾರರ ಕಚೇರಿಯಲ್ಲಿ ನಮೂದಾಯಿತು. ಹುದ್ದೆಯ ಹೆಸರು ಮನುಷ್ಯನ ಹೆಸರಿಗೆ ಗಟ್ಟಿಯಾಗಿ ಅಂಟಿಕೊಳ್ಳಲು ಈ ಕಾಗದಪತ್ರಗಳ ಪಾಲು ದೊಡ್ಡದು.

ಇದೇ ಕಾಲದಲ್ಲಿ ಬೌರಿಂಗ್‌ಪೇಟೆಯ ಪಕ್ಕದಲ್ಲಿ, ಅಂದರೆ ಇಂದಿನ ಬಂಗಾರಪೇಟೆಯ ಪಕ್ಕದಲ್ಲಿ, ಬೇರೊಂದು ಲೋಕ ಎದ್ದಿತು. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಹಳ್ಳಿಗರು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದಿದ್ದ. ಅದರ ಜಾಡು ಹಿಡಿದು ಮೈಕೆಲ್ ಲೆವೆಲ್ ಎಂಬ ಐರಿಷ್ ಮಾಜಿ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಹೊಸ ಶತಮಾನದ ಮೊದಲ ದಶಕಗಳಲ್ಲಿ ಇಪ್ಪತ್ತೈದು ಮೂವತ್ತು ಸಾವಿರ ಜನ ಇಲ್ಲಿ ದುಡಿಯುತ್ತಿದ್ದರು. ಗಣಿ ಸುಖದ ಜಾಗವಾಗಿರಲಿಲ್ಲ. ಬಂಡೆ ಸಿಡಿತ, ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಇಕ್ಕಟ್ಟಿನ ತಟ್ಟಿ ಮನೆಗಳ ಲೈನು. ಆದರೂ ಒಂದು ವಿಷಯದಲ್ಲಿ ಅದು ಹಳ್ಳಿಗಿಂತ ಬೇರೆ: ಕೂಲಿ ರೊಕ್ಕದಲ್ಲಿ ಸಿಗುತ್ತಿತ್ತು, ಕಣದ ಮೂಲೆಯಲ್ಲಿ ಕೈಯೊಡ್ಡಿ ನಿಲ್ಲಬೇಕಿರಲಿಲ್ಲ.

ಗಣಿಯಲ್ಲಿಯೂ ಹುದ್ದೆಯ ಹೆಸರುಗಳಿದ್ದವು. ಮುಖ್ಯವಾದದ್ದು ಮೇಸ್ತ್ರಿ. ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದ ಈ ಮಾತು ಕನ್ನಡ ನಾಡಿನಲ್ಲಿ ಗಾರೆಕೆಲಸದವನಿಗೂ ಆಳುಗಳ ಮೇಲಿನವನಿಗೂ ಸಲ್ಲುತ್ತದೆ, ಪಾರ್ಸಿಗಳಲ್ಲಿ ಮಿಸ್ತ್ರಿ ಎಂಬ ಮನೆತನದ ಹೆಸರಾಗಿದೆ. ಹಳ್ಳಿಗೆ ಹೋಗಿ ಮುಂಗಡ ಕೊಟ್ಟು ಆಳುಗಳನ್ನು ಕರೆತಂದು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದವನು ಮೇಸ್ತ್ರಿ. ಅವನೂ ಶೋಷಕನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಟಿಯ ಮಗ ತೋಟಿಯಾಗಲೇಬೇಕಿದ್ದ ಊರಿನಿಂದ ಬಂದವನಿಗೆ, ತಾನೂ ಒಂದು ದಿನ ಮೇಸ್ತ್ರಿಯಾಗಬಹುದು ಎಂಬ ಲೆಕ್ಕಾಚಾರ ಹೊಸದು. ಕಂಪನಿ ತನ್ನದೇ ರೀತಿಯಲ್ಲಿ ಜನರನ್ನು ದಾಖಲೆಗೆ ಕಟ್ಟಿಹಾಕಲು ನೋಡಿತು. 1930ರಲ್ಲಿ ಬೆರಳಚ್ಚು ತೆಗೆದು ನೋಂದಣಿ ಮಾಡುವ ಕ್ರಮದ ವಿರುದ್ಧ ಗಣಿಯಲ್ಲಿ ದೊಡ್ಡ ಮುಷ್ಕರವೇ ಆಯಿತು. ಈ ಕಾರ್ಮಿಕರ ಬದುಕನ್ನು ಜಾನಕಿ ನಾಯರ್ ತಮ್ಮ ಇತಿಹಾಸ ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಹೆಸರಿನ ಪ್ರಶ್ನೆಯನ್ನು ಗಣಿಯವರು ನೇರವಾಗಿಯೇ ಕೈಗೆತ್ತಿಕೊಂಡರು. ಮದ್ರಾಸಿನ ಅಯೋಧ್ಯಾದಾಸ ಪಂಡಿತರು 1907ರಲ್ಲಿ ಆರಂಭಿಸಿದ ವಾರಪತ್ರಿಕೆ ‘ತಮಿಳನ್’ಗೆ ಇಲ್ಲಿ ಓದುಗರಿದ್ದರು. ಮಾರಿಕುಪ್ಪಂನಲ್ಲಿ ಅವರ ಬೌದ್ಧ ಸಂಘದ ಬಲವಾದ ಶಾಖೆಯಿತ್ತು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ, 1926ರಲ್ಲಿ ಪತ್ರಿಕೆಗೆ ಮರುಹುಟ್ಟು ಕೊಟ್ಟದ್ದು ಚಿನ್ನದ ಗಣಿ ಊರಿನಿಂದಲೇ, ಜಿ. ಅಪ್ಪಾದುರೈ. ಜಾತಿಗೆ ಊರು ಕೊಟ್ಟ ಹೆಸರನ್ನು ಒಪ್ಪುವುದಿಲ್ಲ, ನಮ್ಮ ಹೆಸರು ನಾವೇ ಇಟ್ಟುಕೊಳ್ಳುತ್ತೇವೆ ಎಂಬುದು ಆ ಚಳವಳಿಯ ಜೀವಾಳ. ಆದಿ ದ್ರಾವಿಡ, ಆದಿ ಕರ್ನಾಟಕ ಎಂಬ ಹೆಸರುಗಳು 1920ರ ದಶಕದಲ್ಲಿ ಮೈಸೂರು ಸರ್ಕಾರದ ಕಾಗದಗಳಿಗೂ ಬಂದವು. ಕಾನೂನು ವೆಟ್ಟಿಯಾನನನ್ನು ಬಿಡುಗಡೆ ಮಾಡುವ ಅರ್ಧ ಶತಮಾನ ಮುಂಚೆಯೇ ಗಣಿಯ ರೈಲು ಹತ್ತಿದವರು ತಮ್ಮನ್ನು ತಾವು ಬಿಡಿಸಿಕೊಂಡಿದ್ದರು. ಕೋಲಾರದ ಬಯಲಿನ ತೋಟಿಗೆ ಮಾತ್ರ 1963ರವರೆಗೆ ಕಾಯಬೇಕಾಯಿತು.

ಅಷ್ಟು ತಡವಾದದ್ದು ಏಕೆ? ಸ್ವಾತಂತ್ರ್ಯ ಬಂದ ಮೇಲೂ ವಂಶಪಾರಂಪರ್ಯದ ಹುದ್ದೆಗಳು ಕಂದಾಯ ಇಲಾಖೆಗೆ ಅಗ್ಗದ ಕೈಗಳಾಗಿದ್ದವು. ಬೊಂಬಾಯಿ ಸರ್ಕಾರ ಮೊದಲು ಎದ್ದಿತು. 1950ರ ಕಾಯ್ದೆಯಿಂದ ಕುಲಕರ್ಣಿ ವತನ್ ರದ್ದಾಗಿ, ಧಾರವಾಡ, ಬೆಳಗಾವಿ, ವಿಜಾಪುರದ ಕುಲಕರ್ಣಿಗಳು ನಮ್ಮ ಶಾನುಭೋಗರಿಗಿಂತ ಹತ್ತು ಹನ್ನೆರಡು ವರ್ಷ ಮೊದಲೇ ಲೆಕ್ಕದ ಪುಸ್ತಕ ಕೆಳಗಿಟ್ಟರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಬೊಂಬಾಯಿ, ಮದ್ರಾಸು, ಹೈದರಾಬಾದು, ಕೊಡಗು, ಹಳೇ ಮೈಸೂರು ಎಂದು ಐದು ಬಗೆಯ ಹಳ್ಳಿ ಆಡಳಿತ ಒಂದೇ ಸರ್ಕಾರದ ತಲೆಗೆ ಬಂತು. ಕಂದಾಯ ಸಚಿವ ಕಡಿದಾಳು ಮಂಜಪ್ಪನವರ ಕಾಲದಲ್ಲಿ ಭೂಸುಧಾರಣೆಯ ಕಾನೂನು ತಯಾರಾಗುತ್ತಿದ್ದಾಗ ಈ ಗೋಜಲನ್ನು ಹಾಗೇ ಬಿಡುವಂತಿರಲಿಲ್ಲ.

ಅದರ ನಡುವೆಯೇ ದೆಹಲಿಯಿಂದ ಒಂದು ಪೆಟ್ಟು ಬಿತ್ತು. ಆಂಧ್ರದ ಹಳ್ಳಿಯೊಂದರ ಮುನಸಬು ಹುದ್ದೆಗೆ ಗಾಜುಲ ದಶರಥ ರಾಮರಾವ್ ಎಂಬವರು ಅರ್ಜಿ ಹಾಕಿದ್ದರು; ಹಿಂದಿನ ಮುನಸಬುವಿನ ಮಗ ಎಂಬ ಕಾರಣಕ್ಕೆ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1960ರ ಡಿಸೆಂಬರ್ 6ರಂದು ಕೋರ್ಟು ಹೇಳಿತು: ಗ್ರಾಮದ ಹುದ್ದೆಯೂ ಸರ್ಕಾರದ ಹುದ್ದೆಯೇ, ವಂಶದ ಆಧಾರದ ಮೇಲೆ ಅದನ್ನು ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ. ಮೈಸೂರಿನ ಕಾಯ್ದೆಗೆ ಇದೊಂದೇ ಕಾರಣ ಎನ್ನಲಾಗದು. ಆದರೆ ವಂಶದ ಹಕ್ಕಿನ ಪರ ವಾದಿಸುವವರ ಕಾಲ ಕೆಳಗಿನ ನೆಲ ಅಂದೇ ಸರಿಯಿತು. ಮೈಸೂರಿನ ಹುದ್ದೆದಾರರೂ ಕೋರ್ಟಿಗೆ ಹೋದರು. ಶಂಕರನಾರಾಯಣ ಎಂಬವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು. ಗಣಿಯ ಆಚೆ ಬದಿಯ ರಾಜ್ಯಗಳು ನಿಧಾನಿಸಿದವು. ತಮಿಳುನಾಡಿನಲ್ಲಿ ಎಂ.ಜಿ.ಆರ್. ಸರ್ಕಾರ 1980ರ ನವೆಂಬರಿನಲ್ಲಿ, ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ 1984ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಈ ಹುದ್ದೆಗಳನ್ನು ತೆಗೆದವು. ಬಂಗಾರಪೇಟೆ ಕಡೆಯ ಶಾನುಭೋಗರು ಮಾಜಿಯಾಗಿ ಇಪ್ಪತ್ತು ವರ್ಷ ಕಳೆದರೂ ಗಡಿಯಾಚೆ ಕುಪ್ಪಂನಲ್ಲಿ ಕರಣಂ ಗತ್ತಿನಿಂದಲೇ ಇದ್ದರು.

ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ. ಊರಿನವನಲ್ಲ, ವರ್ಗವಾಗುವ ನೌಕರ. ಈಗ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ದೊಡ್ಡ ಹೆಸರು. ತೋಟಿ, ತಳವಾರರ ಕೆಲಸ ಗೌರವಧನದ ಮೇಲೆ ದುಡಿಯುವ ಗ್ರಾಮ ಸಹಾಯಕರಿಗೆ ಹೋಯಿತು. ನಿಜವಾದ ನಷ್ಟವಾದದ್ದು ನೀರಗಂಟಿಯ ಜಾಗದಲ್ಲಿ, ಅದೂ ಕೆರೆಗಳನ್ನೇ ನಂಬಿದ್ದ ಕೋಲಾರದಲ್ಲಿ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುತ್ತಿದ್ದವನು ಅವನು. ನೀರು ಕಡಿಮೆಯಾದ ವರ್ಷ ಯಾರ ಗದ್ದೆಯನ್ನು ಬಿಡಬೇಕು ಎಂಬುದೂ ಅವನ ಮಾತೇ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಡ ಎನ್ನುತ್ತದೆ ಗಾದೆ. ಕೆರೆ ನೀರಿಗೆ ನೀರಗಂಟಿಯ ಅಪ್ಪಣೆ ಬೇಕಿತ್ತು. ಕೆರೆಗಳು ಹಾಳಾದದ್ದಕ್ಕೆ ಬೋರ್‌ವೆಲ್, ಹೂಳು, ನೀಲಗಿರಿ ತೋಪು ಹೀಗೆ ಬೇರೆ ಕಾರಣಗಳೂ ಇವೆ; ಎಲ್ಲವನ್ನೂ 1963ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹುದ್ದೆಯ ಜೊತೆ ಹೋಗಬೇಕಿದ್ದದ್ದು ಜಾತಿಯ ಕಟ್ಟು, ಹೋದದ್ದು ಕೆಲಸವೂ ಕೂಡ. 2002ರ ನಂತರ ವಿಶ್ವಬ್ಯಾಂಕ್ ನೆರವಿನಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಕೆರೆಗಳ ಪುನಶ್ಚೇತನಕ್ಕೆ ಇಳಿದಾಗ, ಊರೂರಿನಲ್ಲೂ ಮತ್ತೆ ನೀರಗಂಟಿಯ ಮಾತು ಬಂದದ್ದು ಸುಮ್ಮನೆ ಅಲ್ಲ.

ಹುದ್ದೆಗಳು ಹೋದ ಮೇಲೆ ಹೆಸರುಗಳು ತಮ್ಮ ದಾರಿ ಹಿಡಿದವು, ಆ ದಾರಿಗಳು ಒಂದೇ ಅಲ್ಲ. ಉತ್ತರ ಕರ್ನಾಟಕದಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಬರೆಯುವ ರೂಢಿ ಶಾಲೆಯ ದಾಖಲೆಯಲ್ಲೇ ಇತ್ತು. ಹಾಗಾಗಿ ಅಲ್ಲಿ ಮೇಲಿನವರು, ಕೆಳಗಿನವರು ಎಲ್ಲರ ಹುದ್ದೆಯೂ ಅಡ್ಡಹೆಸರಾಗಿ ಉಳಿಯಿತು: ಪಾಟೀಲ, ಕುಲಕರ್ಣಿ, ಜೋಶಿ, ಬಡಿಗೇರ, ಪತ್ತಾರ, ತಳವಾರ, ವಾಲೀಕಾರ. ಕಾದಂಬರಿಕಾರ ಗಳಗನಾಥರು ಹುಟ್ಟಿನಿಂದ ವೆಂಕಟೇಶ ತಿರಕೋ ಕುಲಕರ್ಣಿ. ಊರಿನ ಓಲೆ ಒಯ್ಯುವ ಚಾಕರಿಯ ಹೆಸರನ್ನು ಹೊತ್ತೇ ಚೆನ್ನಣ್ಣ ವಾಲೀಕಾರ ದಲಿತ ಬಂಡಾಯದ ಕವಿಯಾದರು. ಕಮ್ಮಾರಿಕೆಯನ್ನು ನೆನಪಿಸುವ ಕಂಬಾರ ಎಂಬ ಹೆಸರಿಗೆ ಜ್ಞಾನಪೀಠ ಬಂತು.

ಹಳೇ ಮೈಸೂರಿನಲ್ಲಿ ಹಾಗಾಗಲಿಲ್ಲ. ಇಲ್ಲಿ ಊರಿನ, ಅಪ್ಪನ ಹೆಸರಿನ ಮೊದಲಕ್ಷರ ಸಾಕು. ಶಾನುಭೋಗ ಎಂಬುದು ‘ಶಾನುಭೋಗರ ಮನೆ’ ಎಂಬ ಗುರುತಿಗೆ ಇಳಿಯಿತು. ಗೌಡ ಮಾತ್ರ ಹಿಗ್ಗಿತು. ಒಂದು ಊರಿಗೆ ಒಬ್ಬನೇ ಇದ್ದ ಗೌಡ ಒಂದು ಸಮುದಾಯದ ಎಲ್ಲರ ಹೆಸರಿನ ಬಾಲವಾದ. ಕೋಲಾರದ ತೆಲುಗು ಮನೆಗಳಲ್ಲಿ ರೆಡ್ಡಿಯದೂ ಇದೇ ಕಥೆ. ಕರ್ನಾಟಕದ ಮುಖ್ಯಮಂತ್ರಿಗಳಲ್ಲಿ ಪಾಟೀಲ, ಪಟೇಲ, ಗೌಡ ಎಲ್ಲ ಇದ್ದಾರೆ. ತೋಟಿ ಎಂಬುದನ್ನು ಈ ಸೀಮೆಯಲ್ಲಿ ಯಾರೂ ಹೆಸರಿಗೆ ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಬೇಕಾಗಿಯೂ ಇರಲಿಲ್ಲ.

ಆದರೆ ಜಮೀನಿನ ದಾಖಲೆ ಬಿಡಲಿಲ್ಲ. 1963ರಲ್ಲಿ ಇನಾಂ ಜಮೀನುಗಳನ್ನು ಸರ್ಕಾರ ತನ್ನದಾಗಿಸಿಕೊಂಡು, ಕಂದಾಯದ ಕೆಲವು ಪಟ್ಟು ಬೆಲೆ ಕಟ್ಟಿದ ಹಳೆಯ ಹುದ್ದೆದಾರರಿಗೇ ಮರುಮಂಜೂರು ಮಾಡಿತು. ಶಾನುಭೋಗರಿಗೆ ಕಾಗದ ಗೊತ್ತಿತ್ತು, ತಾಲ್ಲೂಕು ಕಚೇರಿ ಗೊತ್ತಿತ್ತು. ತೋಟಿಗೆ ಅದ್ಯಾವುದೂ ಇರಲಿಲ್ಲ. ಮರುಮಂಜೂರಿಗೆ ಮೊದಲೇ ಸಾಲಕ್ಕೆ, ಮದುವೆಗೆ ನೆಲ ಕೈ ದಾಟಿತು. 1978ರ ಆಗಸ್ಟ್ 7ರಿಂದ ಜಾರಿಗೆ ಬಂದ ತಿದ್ದುಪಡಿ ಇಂಥ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದು ಎಂದಿತು, ಆದರೆ 1963ರ ಫೆಬ್ರವರಿ 1ಕ್ಕೂ ಈ ತಾರೀಖಿಗೂ ನಡುವೆ ಆದ ಕ್ರಯಗಳು ಊರ್ಜಿತವೇ ಎಂಬ ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂಗಾರಪೇಟೆ, ಬೇತಮಂಗಲದ ಬಯಲು ಸೀಳಿಕೊಂಡು ಹೋಗಿದೆ, ನೆಲಕ್ಕೆ ಚಿನ್ನದ ಬೆಲೆ. ಹಳೆಯ ಪಹಣಿಯಲ್ಲಿ ‘ತೋಟಿ ಇನಾಮ್ತಿ’, ‘ನೀರಗಂಟಿ ಇನಾಮ್ತಿ’ ಎಂಬ ನಮೂದು ಕಂಡರೆ ವಕೀಲರು ಅಲ್ಲಿಗೇ ನಿಲ್ಲುತ್ತಾರೆ. ಮರುಮಂಜೂರು ಯಾವಾಗ ಆಯಿತು, ಮೊದಲ ಕ್ರಯ ಯಾವಾಗ, ಅದು 1978ರ ಆಗಸ್ಟ್ 7ಕ್ಕೆ ಮುಂಚೆಯೋ ನಂತರವೋ ಎಂದು ಕೇಳಿಯೇ ಮುಂದಿನ ಪುಟ ತಿರುವುತ್ತಾರೆ.